ದಾವಣಗೆರೆಯ ನಾಟಕದ ಡ್ರೆಸ್ ಅಂಗಡಿ: ಕಪ್ಪು ಮಖಮಲ್ಲಿನ ಬಾಡಿಗೆ ದಿನಕ್ಕೆ 350

ನಾವು ಆರು ಜನ ಸೇರಿ ಇಪ್ಪತ್ತು ನಿಮಿಷದ ಒಂದು ಸಿನಿಮಾ ಮಾಡುತ್ತಿದ್ದೇವೆ. 1800ರ ಸುಮಾರಿಗೆ ಕುಂಪಣಿಯ ಸರ್ವೆಗೆ ಬಂದು ಚಿತ್ರದುರ್ಗದ ಕೋಟೆಯಲ್ಲೇ ಸತ್ತ ಒಬ್ಬ ನಕ್ಷೆಗಾರ. ಅವನು ಬಿಟ್ಟುಹೋದ ನಕ್ಷೆ ಹಿಡಿದು ಇವತ್ತು ಅಲ್ಲಿಗೆ ಬರುವ ಹುಡುಗಿ. ದೆವ್ವ ಇದೆ, ಆದರೆ ಕಥೆ ಪ್ರೀತಿಯದು. ಇಂಥ ಸಿನಿಮಾಗಳನ್ನು ಗಾಥಿಕ್ ರೊಮ್ಯಾನ್ಸ್ ಅಂತಾರೆ. ಬಟ್ಟೆಯ ಜವಾಬ್ದಾರಿ ನನ್ನದು.

ಮೊದಲು ಆನ್‌ಲೈನಲ್ಲಿ 1,800 ಕೊಟ್ಟು ಒಂದು ಉದ್ದನೆಯ ಮೇಲಂಗಿ ತರಿಸಿದೆ. ಫೋಟೋದಲ್ಲಿ ಮಖಮಲ್, ಕೈಗೆ ಬಂದದ್ದು ತೆಳು ಸ್ಯಾಟಿನ್. ಎಲ್‌ಇಡಿ ಲೈಟ್ ಬಿದ್ದ ಕೂಡಲೇ ಮಳೆಕೋಟಿನ ಹಾಗೆ ಹೊಳೆಯಿತು. ವಾಪಸ್ಸೂ ತಗೊಳ್ಳಲಿಲ್ಲ. ಅವತ್ತು ನನಗೆ ಅಳುವೇ ಬಂತು.

ಆಮೇಲೆ ಅಮ್ಮ ಹೇಳಿದ ಅಂಗಡಿಗೆ ಹೋದೆ. ಚೌಕಿಪೇಟೆ ಕಡೆಯ ಒಂದು ಗಲ್ಲಿ, ಮೆಟ್ಟಿಲು ಹತ್ತಿ ಮೇಲೆ. ಊರೂರಿನ ನಾಟಕಗಳಿಗೆ ಡ್ರೆಸ್ಸು, ಪರದೆ ಬಾಡಿಗೆ ಕೊಡುತ್ತಾರೆ. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕಂಪನಿ ನಾಟಕ ನೋಡಿ ಬೆಳೆದವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಅಂಗಡಿಯ ಅಜ್ಜಾರೂ ಹುಡುಗನಾಗಿದ್ದಾಗ ಒಂದು ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರಂತೆ.

ಕಥೆ ಪೂರ್ತಿ ಕೇಳಿದರು. ಒಂದು ಕಪ್ಪು ಮೇಲಂಗಿ ತೆಗೆದರು. ಕೊಡುವ ಮೊದಲು ಬಾಗಿಲು ಹಾಕಿ, ಮೊಬೈಲ್ ಟಾರ್ಚ್ ಹಚ್ಚಿಸಿದರು. "ಕಪ್ಪು ಮಖಮಲ್ಲು ಬೆಳಕು ನುಂಗ್ತೈತಿ ತಂಗಿ. ಎದುರಿಗೆ ಲೈಟ್ ಇಟ್ರ ಹುಡುಗಿ ಮುಖ ಅಷ್ಟೇ ಕಾಣತೈತಿ, ಮೈ ಇರಂಗಿಲ್ಲ. ಹಿಂದ ಒಂದು ಲೈಟ್ ಇಡ್ರಿ." ಒಳಗಡೆ ಮರೂನ್ ಅಸ್ತರಿ ಇರುವುದನ್ನೇ ಆರಿಸಿಕೊಟ್ಟರು. ತಿರುಗಿದಾಗ ಅಂಚಿನಲ್ಲಿ ಬಣ್ಣ ಮಿಂಚಿ ಹೋಗುತ್ತದೆ. ಕೋಟೆಯ ಮೇಲೆ ಗಾಳಿಗೆ ಅದು ಹಾರಿದ ಶಾಟ್ ನಮ್ಮ ಇಡೀ ಸಿನಿಮಾದಲ್ಲಿ ನನಗೆ ಇಷ್ಟವಾದದ್ದು.

ನಕ್ಷೆಗಾರನಿಗೆ ಸಿಕ್ಕಿದ್ದು ಕಿತ್ತೂರು ಚೆನ್ನಮ್ಮನ ನಾಟಕದಲ್ಲಿ ಥ್ಯಾಕರೆ ಹಾಕುವ ಕೋಟು. ಹಿತ್ತಾಳೆ ಗುಂಡಿ ಜಾಸ್ತಿ ಹೊಳೆಯುತ್ತಿತ್ತು, ಅಜ್ಜಾರೇ ಕಪ್ಪು ದಾರ ಸುತ್ತಿಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಕೋಟೆ ಪುರಾತತ್ವ ಇಲಾಖೆಯದು. ಶೂಟಿಂಗ್‌ಗೆ ಮೊದಲೇ ಅನುಮತಿ ಬೇಕು, ರಾತ್ರಿ ಒಳಗೆ ಬಿಡುವುದಿಲ್ಲ. ಹಾಗಾಗಿ ರಾತ್ರಿಯ ದೃಶ್ಯಕ್ಕೆ ಅಜ್ಜಾರಲ್ಲೇ ಅರಮನೆಯ ಚಿತ್ರ ಬರೆದ ಪರದೆ ಕೇಳಿದೆ. ನಕ್ಷೆಗಾರನ ನೆರಳು ಅವನ ಮಾತು ಕೇಳದೆ ತಾನೇ ನಡೆಯಬೇಕು, ಹೇಗೆ ಮಾಡೋದು ಅಂತಲೂ ಕೇಳಿದೆ. ಅಜ್ಜಾರು ಒಂದು ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಇಟ್ಟು, ಮೊಮ್ಮಗನನ್ನು ನಡುವೆ ನಿಲ್ಲಿಸಿದರು. ಹುಡುಗ ದೀಪದ ಕಡೆ ಎರಡು ಹೆಜ್ಜೆ ಹೋದ. ನೆರಳು ಮಾಡಿನ ತನಕ ಬೆಳೆಯಿತು! ಮುಂದೆ ಒಬ್ಬ ನಟ, ಪರದೆ ಹಿಂದೆ ಇನ್ನೊಬ್ಬ, ಅಷ್ಟೇ. 1992ರಲ್ಲಿ ಹಾಲಿವುಡ್ ನಿರ್ದೇಶಕ ಕೊಪ್ಪೊಲಾ ತಮ್ಮ ಡ್ರಾಕುಲಾ ಸಿನಿಮಾದಲ್ಲಿ ಕಂಪ್ಯೂಟರ್ ಬಿಟ್ಟು ಇಂಥ ಹಳೆಯ ಉಪಾಯಗಳನ್ನೇ ನಂಬಿದ್ದರು. ಒಂದೇ ರೀಲಿನ ಮೇಲೆ ಎರಡು ಸಲ ಚಿತ್ರ ತೆಗೆಯೋದು, ರೀಲು ಹಿಂದಕ್ಕೆ ಓಡಿಸೋದು, ಪುಟ್ಟ ಮಾದರಿ ಕಟ್ಟೋದು. ಬಟ್ಟೆ ವಿನ್ಯಾಸಕ್ಕೆ ಐಕೊ ಇಶಿಯೋಕಾ ಅವರಿಗೆ ಆಸ್ಕರ್ ಬಂತು. ಆ ಸಿನಿಮಾ ನೋಡಿಯೇ ನಾನು ಈ ಕೆಲಸ ಕೇಳಿ ತಗೊಂಡಿದ್ದು. ಅದರ ಗುಟ್ಟು ನಮ್ಮೂರಿನ ಗಲ್ಲಿಯಲ್ಲಿ, ಪಂಚೆಯ ಮೇಲೆ ಕಾಣಿಸುತ್ತದೆ ಅಂದುಕೊಂಡಿರಲಿಲ್ಲ. ಮೈ ಜುಂ ಅಂದಿತು.

ಬೇಸರವಾದದ್ದೂ ಇದೆ. ಹೆಂಗಸರಿಗೆ ಸೀರೆ, ದೇವಿ ವೇಷ ಬೇಕಾದಷ್ಟಿವೆ, ಗೌನ್ ಒಂದೇ ಒಂದು. ಅದರ ಬೆನ್ನಿನ ನಾಲ್ಕು ಹುಕ್ಕು ಕಿತ್ತುಹೋಗಿದ್ದವು. ಮೊದಲೇ ಹೇಳಿದ್ದರೆ ಮನೆಯಲ್ಲೇ ಹೊಲಿದುಕೊಂಡು ಬರುತ್ತಿದ್ದೆ. ಕೋಟೆಯ ಮೇಲೆ ಪಿನ್ನು ಹಾಕುತ್ತಾ ಅರ್ಧ ಗಂಟೆ ಹೋಯಿತು, ಅಷ್ಟರಲ್ಲಿ ಸಂಜೆಯ ಒಳ್ಳೆ ಬೆಳಕೂ ಹೋಯಿತು. ಮೇಲಂಗಿಗೆ ಹಳೇ ಬೆವರಿನ ವಾಸನೆ ಇತ್ತು, ಎರಡು ದಿನ ನೆರಳಲ್ಲಿ ಗಾಳಿಗೆ ಹಾಕಬೇಕಾಯಿತು. ಮಖಮಲ್ಲಿನ ಮೇಲೆ ನೇರ ಇಸ್ತ್ರಿ ಇಡಬೇಡಿ, ಎಳೆ ಮಲಗಿ ಕಲೆಯ ಹಾಗೆ ಕಾಣುತ್ತದೆ. ಹಿಂಬದಿಯಿಂದ ಹಬೆ ಕೊಟ್ಟರೆ ಸಾಕು.

ಮೇಲಂಗಿಗೆ ದಿನಕ್ಕೆ 350, ಕೋಟಿಗೆ 300, ಪರದೆಗೆ 800. ಮುಂಗಡ 3,000, ನಗದೇ ಕೊಡಬೇಕು. ಪೂರ್ತಿ ವಾಪಸ್ ಬಂತು. ತಗೊಳ್ಳುವ ಮೊದಲು ಹುಕ್ಕು, ಗುಂಡಿ, ಅಂಚು ಎಲ್ಲಾ ಬೆಳಕಿಗೆ ಹಿಡಿದು ನೋಡಿ. ಜಾತ್ರೆ ಶುರುವಾದರೆ ಪರದೆಗಳೆಲ್ಲ ಹಳ್ಳಿಗಳಿಗೆ ಹೋಗಿಬಿಡುತ್ತವೆ, ತಿಂಗಳ ಮೊದಲೇ ಹೇಳಿಡಬೇಕು. ನಮಗೆ ಇನ್ನೂ ಜೈಲಿನ ದೃಶ್ಯ ಬಾಕಿ ಇದೆ. ಭಾನುವಾರ ಜೈಲು ಪರದೆ ತರೋಕೆ ಹೋಗುತ್ತಿದ್ದೇನೆ, ಈ ಸಲ ಸೂಜಿ ದಾರ ನನ್ನ ಬ್ಯಾಗಿನಲ್ಲೇ ಇರುತ್ತದೆ.