ಬೆವರುವ ಗಡಿಗೆ, ಒದ್ದೆ ಬಟ್ಟೆಯ ಬಿಂದಿಗೆ, ಮಂಗಳೂರಿನ ಐಸು

ಏಪ್ರಿಲ್‌ನಲ್ಲಿ ನಮ್ಮ ಕಲಬುರಗಿಯಲ್ಲಿ ಕರೆಂಟು ಹೋದರೆ ಫ್ರಿಜ್ ಇದ್ದೂ ಇಲ್ಲದಂತೆ. ನೀರು ಯಾವುದರಲ್ಲಿ ಚೆನ್ನಾಗಿ ತಣಿಯುತ್ತದೆ ಎಂದು ಈ ಸಲ ತೂಕದ ಯಂತ್ರ, ಥರ್ಮಾಮೀಟರ್ ಇಟ್ಟುಕೊಂಡೇ ಅಳೆದೆ. ಬಣ್ಣವಿಲ್ಲದ ಮಣ್ಣಿನ ಗಡಿಗೆ, ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಬಿಂದಿಗೆ, ಚಿತ್ತಾರ ಬರೆದು ನಲ್ಲಿ ಕೂರಿಸಿದ ಅಂದದ ಗಡಿಗೆ. ಮೂರಕ್ಕೂ ಐದೈದು ಲೀಟರ್, 34 ಡಿಗ್ರಿಯ ನೀರು. ಪಡಸಾಲೆಯ ನೆರಳಲ್ಲೇ 38 ಡಿಗ್ರಿ, ಒಣ ಗಾಳಿ.

ಚಿತ್ತಾರದ ಗಡಿಗೆ ನಾಲ್ಕು ತಾಸು ಕಾದರೂ 33ಕ್ಕಿಂತ ಕೆಳಗಿಳಿಯಲಿಲ್ಲ. ಅವ್ವ ಅದನ್ನು ಮುಟ್ಟಿ ನೋಡಿ, "ಮೈ ತುಂಬಾ ಬಣ್ಣ ಬಡದಾರ, ಅದು ಬೆವರೂದ್ಹೆಂಗ?" ಅಂದಳು. ಅಷ್ಟೇ ವಿಷಯ. ರಂಧ್ರ ಮುಚ್ಚಿದರೆ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ಆವಿಯೂ ಇಲ್ಲ.

ಬರಿ ಗಡಿಗೆ ಅದೇ ಹೊತ್ತಿಗೆ 26ಕ್ಕೆ ಬಂದಿತ್ತು. ತೂಕದಲ್ಲಿ ಕಡಿಮೆಯಾದದ್ದು 180 ಗ್ರಾಂ, ಒಂದು ಲೋಟದಷ್ಟು ನೀರು. ಈ ಸೆಕೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು; ಅದನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಐದು ಲೀಟರನ್ನು ಎಂಟು ಡಿಗ್ರಿ ಇಳಿಸಲು ಲೆಕ್ಕಕ್ಕೆ 70 ಗ್ರಾಂ ಸಾಕು. ಉಳಿದದ್ದು ಹೊರಗಿನಿಂದ ನುಗ್ಗುವ ಸೆಕೆಯನ್ನು ಹಿಂದಕ್ಕೆ ಕಳಿಸಲು ಖರ್ಚಾಯಿತು.

ಬಿಂದಿಗೆಯದು ಬೇರೆ ಕಥೆ. ಎರಡೇ ತಾಸಿಗೆ 27, ಗಡಿಗೆಗಿಂತ ಚುರುಕು. ಆದರೆ ಬಟ್ಟೆ ಒಣಗಿದ್ದೇ ತಡ, ನೀರು ಮತ್ತೆ ಬಿಸಿಯೇರತೊಡಗಿತು. ಬಟ್ಟೆಗೆ ಆಗಾಗ ನೀರು ಚಿಮುಕಿಸುವವರು ಮನೆಯಲ್ಲಿದ್ದರೆ ಬಿಂದಿಗೆ ಆದೀತು. ಗಡಿಗೆ ತನ್ನ ಬಟ್ಟೆಯನ್ನು ತಾನೇ ನೆನೆಸಿಕೊಳ್ಳುತ್ತದೆ.

ಮೇ ತಿಂಗಳಲ್ಲಿ ಅದೇ ಗಡಿಗೆಯನ್ನು ಮಂಗಳೂರಿನ ತಂಗಿಯ ಮನೆಗೆ ಒಯ್ದೆ. ಇಡೀ ದಿನ ಇಟ್ಟರೂ 32ರಿಂದ 30ಕ್ಕೆ ಇಳಿದು ನಿಂತುಬಿಟ್ಟಿತು. ಅಲ್ಲಿನ ಗಾಳಿ ಮೊದಲೇ ತೇವ ಕುಡಿದಿರುತ್ತದೆ, ಇನ್ನಷ್ಟು ಆವಿಗೆ ಜಾಗ ಕಡಿಮೆ. ಅಲ್ಲಿ ಐಸೇ ಗೆದ್ದಿತು, ಆದರೆ ದುಬಾರಿಯಾಗಿ: ಒಂದು ಗ್ರಾಂ ಐಸು ಕರಗುವಾಗ ಹೀರುವುದು 334 ಜೂಲ್ ಮಾತ್ರ. ಐದು ಲೀಟರನ್ನು 32ರಿಂದ 24ಕ್ಕೆ ತರಲು 400 ಗ್ರಾಂ ಹತ್ತಿರ ಬೇಕಾಯಿತು. ಸಾಲದ್ದಕ್ಕೆ ಪಾತ್ರೆಯ ಹೊರಮೈಗೆ ಹನಿ ಕಟ್ಟಿತು. ಗಡಿಗೆಯಲ್ಲಿ ಆವಿ ಶಾಖ ಹೊತ್ತೊಯ್ದರೆ, ಇಲ್ಲಿ ಗಾಳಿಯ ಆವಿ ನೀರಾಗುತ್ತ ಅದೇ ಶಾಖವನ್ನು ಪಾತ್ರೆಗೆ ತಂದು ಸುರಿಯುತ್ತದೆ. ಹೊರಗೆ ದಪ್ಪ ಟವೆಲ್ ಸುತ್ತಿದರೆ ಐಸು ಹೆಚ್ಚು ಹೊತ್ತು ಉಳಿಯುತ್ತದೆ.

ನಮ್ಮ ಕಡೆಯವರಿಗೆ ನಾನು ಹೇಳುವುದು ಬರಿ ಗಡಿಗೆಯನ್ನೇ. ಗಾಳಿಯಾಡುವಲ್ಲಿ, ಮುಕ್ಕಾಲಿಯ ಮೇಲಿಡಿ. ಬೋರ್‌ವೆಲ್ ನೀರಾದರೆ ಹೊರಗೆ ಬಿಳಿ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ. ತೆಂಗಿನ ನಾರಿನಿಂದ ಉಜ್ಜಿ. ಸೋಪು ಬೇಡ, ಮಣ್ಣು ಅದನ್ನು ಕುಡಿದುಬಿಡುತ್ತದೆ. ಉಜ್ಜಿದರೂ ಮೈ ತೇವವಾಗದಿದ್ದರೆ ಹೊಸದು ತನ್ನಿ.