ಜಿಂಪ್: ವರ್ಷಗಟ್ಟಲೆ ಬಳಸಿದ ಮೇಲೂ ಉಳಿದ ದೂರುಗಳು

ಫೋಟೊ, ಚಿತ್ರ ತಿದ್ದುವ ಮುಕ್ತ ತಂತ್ರಾಂಶ ಜಿಂಪ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಮೊದಲ ವಾರದವು. ಸೇವ್ ಮಾಡಿದರೆ ಜೆಪೆಗ್ ಆಗಲ್ಲ, ಅಳಿಸಿದರೆ ಬಿಳಿ ಬಣ್ಣ ಬರುತ್ತೆ, ಬೇಕಾದ ಟೂಲ್ ಸಿಗಲ್ಲ. ವರ್ಷಗಟ್ಟಲೆ ಇದರಲ್ಲೇ ಕೆಲಸ ಮಾಡಿದವರ ದೂರುಗಳೇ ಬೇರೆ. ಅವು ನನಗೂ ಇವೆ, ಆಮೇಲೆ ಹೇಳುತ್ತೇನೆ. ಮೊದಲ ವಾರದವನ್ನು ಮುಗಿಸಿಬಿಡೋಣ, ಏಕೆಂದರೆ ಎಷ್ಟೋ ಮಂದಿ ಜಿಂಪ್ ಅನ್ನು ತೆಗೆದುಹಾಕುವುದು ಅಲ್ಲಿಗೇ.

ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಜಿಂಪ್‌ನ ಸ್ವಂತ ಮಾದರಿಯಾದ ಎಕ್ಸ್‌ಸಿಎಫ್ ಕಡತವೇ ಉಳಿಯುತ್ತದೆ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. 2012ರ 2.8 ಆವೃತ್ತಿಯಿಂದ ಇದು ಹೀಗೇ ಇದೆ, ಅಂದಿನಿಂದ ಬೈಗುಳವೂ ತಪ್ಪಿಲ್ಲ. ನನ್ನ ಪ್ರಕಾರ ಜಿಂಪ್ ಹಿಡಿದ ಹಠಗಳಲ್ಲಿ ಇದರಷ್ಟು ಸರಿಯಾದದ್ದು ಇನ್ನೊಂದಿಲ್ಲ. ಜೆಪೆಗ್‌ನಲ್ಲಿ ಲೇಯರ್‌ಗಳು, ಅಂದರೆ ಒಂದರ ಮೇಲೊಂದು ಜೋಡಿಸಿದ ಚಿತ್ರದ ಪದರಗಳು, ಉಳಿಯುವುದಿಲ್ಲ, ತಿದ್ದಿ ಮತ್ತೆ ಅದರಲ್ಲೇ ಉಳಿಸಿದಷ್ಟೂ ಚಿತ್ರದ ಗುಣಮಟ್ಟ ಸವೆಯುತ್ತದೆ. ಮೂಲ ಕೆಲಸ ಎಕ್ಸ್‌ಸಿಎಫ್‌ನಲ್ಲಿದ್ದರೆ ಆರು ತಿಂಗಳ ನಂತರವೂ ಒಂದು ಪದ ಮಾತ್ರ ಬದಲಿಸಿ ಹೊಸ ಪ್ರತಿ ತೆಗೆಯಬಹುದು. ಸುಮ್ಮನೆ ಕ್ರಾಪ್ ಮಾಡಿ ಮುಗಿಸುವ ಕೆಲಸಕ್ಕೆ ಫೈಲ್ ಮೆನುವಿನಲ್ಲಿ ಓವರ್‌ರೈಟ್ ಇದೆ, ಅದಕ್ಕೊಂದು ಶಾರ್ಟ್‌ಕಟ್ ಕೊಟ್ಟುಕೊಂಡರೆ ಜಗಳವೇ ಇಲ್ಲ.

ಅಳಿಸಿದ ಜಾಗ ಪಾರದರ್ಶಕವಾಗದೆ ಹಿನ್ನೆಲೆ ಬಣ್ಣ ತೋರಿದರೆ ಆ ಲೇಯರ್‌ಗೆ ಪಾರದರ್ಶಕತೆಯ ಲೆಕ್ಕವಿಡುವ ಆಲ್ಫಾ ಚಾನೆಲ್ ಇಲ್ಲವೆಂದು ಅರ್ಥ. ಜೆಪೆಗ್ ತೆರೆದಾಗ ಹೀಗಾಗುವುದು ಸಹಜ, ಆ ಮಾದರಿಯಲ್ಲಿ ಪಾರದರ್ಶಕತೆಯೇ ಇಲ್ಲವಲ್ಲ. ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಗೆ ಹೋಗಿ ಆಲ್ಫಾ ಸೇರಿಸಿದರೆ ಸಾಕು. ಬ್ರಷ್ ಅರ್ಧಕ್ಕೇ ನಿಂತರೆ ಲೇಯರ್‌ನ ಅಂಚು ನೋಡಿ. ಇಲ್ಲಿ ಪ್ರತಿ ಲೇಯರ್‌ಗೂ ತನ್ನದೇ ಅಳತೆ ಇರುತ್ತದೆ, ಅದು ಕ್ಯಾನ್ವಾಸ್‌ನಷ್ಟೇ ಇರಬೇಕೆಂದಿಲ್ಲ.

ಟೂಲ್ ಹುಡುಕುವ ಕಷ್ಟಕ್ಕೆ ಕೀಬೋರ್ಡಿನ ಓರೆಗೆರೆ (/) ಕೀಲಿ ಇದೆ. ಒತ್ತಿದರೆ ಹುಡುಕಾಟದ ಪೆಟ್ಟಿಗೆ ತೆರೆಯುತ್ತದೆ, ಆಜ್ಞೆಯ ಹೆಸರಿನ ನಾಲ್ಕಕ್ಷರ ಟೈಪಿಸಿದರೆ ಅದು ಎದುರಿಗೆ. ಮೆನುಗಳನ್ನು ಬಾಯಿಪಾಠ ಮಾಡುವ ಗೋಜು ನಾನು ಬಿಟ್ಟದ್ದು ಇದರಿಂದಲೇ. ಒಂದೇ ಗುಂಡಿಯಡಿ ನಾಲ್ಕೈದು ಟೂಲ್ ಅಡಗಿರುವುದು ಕಿರಿಕಿರಿಯೆನಿಸಿದರೆ ಪ್ರಿಫರೆನ್ಸಸ್‌ನ ಟೂಲ್‌ಬಾಕ್ಸ್ ಪುಟದಲ್ಲಿ ಗುಂಪು ಮಾಡುವ ಆಯ್ಕೆಯ ಟಿಕ್ ತೆಗೆಯಿರಿ. ಅಲ್ಲೇ ಸಿಸ್ಟಂ ರಿಸೋರ್ಸಸ್‌ಗೂ ಹೋಗಿಬನ್ನಿ. ಅಂಡೂ ಹಂತಗಳ ಕನಿಷ್ಠ ಮಿತಿ ಅಲ್ಲಿ ಬರೀ 5, ಮೆಮೊರಿ ಸಾಕಷ್ಟಿರುವ ಯಂತ್ರದಲ್ಲಿ ಅದನ್ನೂ, ಚಿತ್ರಕ್ಕಾಗಿ ಜಿಂಪ್ ಬಳಸಬಹುದಾದ ಮೆಮೊರಿಯ ಮಿತಿಯಾದ ಟೈಲ್ ಕ್ಯಾಶ್ ಅನ್ನೂ ಏರಿಸಿಕೊಳ್ಳಬಹುದು.

ಇನ್ನು, ಇಷ್ಟು ವರ್ಷ ಬಿಡದೆ ಬಳಸಿದ್ದಕ್ಕೆ ಸಿಕ್ಕ ಫಲ. 2018ರ ಏಪ್ರಿಲ್‌ನಲ್ಲಿ 2.10 ಬರುವವರೆಗೆ ಜಿಂಪ್ ಒಂದು ಚಾನೆಲ್‌ಗೆ (ಕೆಂಪು, ಹಸಿರು, ನೀಲಿಗಳಲ್ಲಿ ಒಂದಕ್ಕೆ) 8 ಬಿಟ್‌ನಲ್ಲೇ ಕೆಲಸ ಮಾಡುತ್ತಿತ್ತು, ಅಂದರೆ ಪ್ರತಿ ಬಣ್ಣಕ್ಕೆ 256 ಮಟ್ಟ. ಆಕಾಶದ ಫೋಟೊ ಮೇಲೆ ಬೆಳಕು, ಬಣ್ಣ ಹೊಂದಿಸುವ ಕರ್ವ್ಸ್ ಸ್ವಲ್ಪ ಜೋರಾಗಿ ಎಳೆದರೆ ನೀಲಿಯಲ್ಲಿ ಪಟ್ಟೆ ಪಟ್ಟೆ ಏಳುತ್ತಿತ್ತು. ಒಳಗಿನ ಎಂಜಿನ್ ಜೆಗಲ್‌ಗೆ ಬದಲಾದ ಮೇಲೆ 32 ಬಿಟ್‌ವರೆಗೂ ಹೋಗಬಹುದು. 16 ಬಿಟ್‌ನ ಕಡತದಲ್ಲಿ ಆ ಪಟ್ಟೆಗಳ ಕಾಟ ಬಹುಮಟ್ಟಿಗೆ ಇಲ್ಲ. ಆದರೂ ಆಗ ಬ್ಲರ್ ಹಾಕಿದರೆ ಹಾಕಿದಂತೆಯೇ, ಮರುದಿನ ಕಡಿಮೆ ಮಾಡೋಣವೆಂದರೆ ಆಗುತ್ತಿರಲಿಲ್ಲ. ಅದಕ್ಕಾಗಿ ಪ್ರತಿ ಹೆಜ್ಜೆಗೂ ಲೇಯರ್ ನಕಲು ಮಾಡಿಟ್ಟುಕೊಳ್ಳುವುದು ಎಲ್ಲ ಹಳೆ ಬಳಕೆದಾರರ ಅಭ್ಯಾಸ. 2025ರ ಮಾರ್ಚ್‌ನ 3.0 ಅದಕ್ಕೆ ಕೊನೆ ಹಾಡಿತು. ಬ್ಲರ್‌ನಂಥ ಫಿಲ್ಟರ್‌ಗಳು ಈಗ ಲೇಯರ್‌ಗೆ ಅಂಟಿಕೊಂಡು ಉಳಿಯುತ್ತವೆ. ಪಟ್ಟಿಯಲ್ಲಿ ಲೇಯರ್‌ನ ಪಕ್ಕದ ಚಿಹ್ನೆ ಒತ್ತಿ ಬೇಕಾದಾಗ ತಿದ್ದಬಹುದು, ಮರೆಮಾಡಬಹುದು, ಕಿತ್ತುಹಾಕಬಹುದು. ಇಡೀ ಬಳಕೆಯಲ್ಲಿ ನನ್ನ ಕೆಲಸದ ರೀತಿಯನ್ನೇ ಬದಲಿಸಿದ ಸುಧಾರಣೆ ಇದೊಂದೇ ಎಂದರೂ ತಪ್ಪಿಲ್ಲ.

ಕನ್ನಡ ಬರೆಯುವವರಿಗೊಂದು ಮಾತು: ಯುನಿಕೋಡ್ ಫಾಂಟ್ ಹಾಕಿದರೆ ಒತ್ತಕ್ಷರಗಳು ಚೆದುರದೆ ಸರಿಯಾಗಿ ಕೂರುತ್ತವೆ. ಅಕ್ಷರಕ್ಕೆ ಅಂಚುಗೆರೆ ಕೊಡುವ ಸೌಲಭ್ಯವೂ 3.0ರಲ್ಲಿ ಟೆಕ್ಸ್ಟ್ ಟೂಲ್‌ನ ಒಳಗೇ ಇದೆ, ಮೊದಲಿನಂತೆ ಪಾತ್, ಸ್ಟ್ರೋಕ್ ಎಂದು ಸುತ್ತಬೇಕಿಲ್ಲ.

ಈಗ ಸವೆಯದ ದೂರುಗಳು. ಮೊದಲನೆಯದು ಮುದ್ರಣ. ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣದಲ್ಲಿ ನೇರವಾಗಿ ತಿದ್ದಲು ಆಗುವುದಿಲ್ಲ. ಮುದ್ರಿಸಿದಾಗ ಬಣ್ಣ ಹೇಗೆ ಕಂಡೀತೆಂದು ಪರದೆಯ ಮೇಲೆ ಸಾಫ್ಟ್ ಪ್ರೂಫ್ ನೋಡಬಹುದು, 3.0ರಿಂದ ಜೆಪೆಗ್, ಟಿಫ್ ಕಡತಗಳನ್ನು ಸಿಎಂವೈಕೆಯಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ಕಪ್ಪು ಅಕ್ಷರ ಕಪ್ಪು ಶಾಯಿಯೊಂದರಲ್ಲೇ ಬೀಳಬೇಕೆಂದು ಕೇಳುವ ಮುದ್ರಣಾಲಯಕ್ಕೆ ಇದು ಸಾಲದು. ಅಂಥ ಕೆಲಸದಲ್ಲಿ ಫೋಟೊ ಇಲ್ಲಿ ತಿದ್ದಿ, ಪುಟವನ್ನು ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಕಟ್ಟುವುದೇ ಸರಿ.

ಎರಡನೆಯದು ಆಕಾರಗಳು. ಒಂದು ವೃತ್ತ ಬರೆಯಲು ವೃತ್ತಾಕಾರದ ಸೆಲೆಕ್ಷನ್ ಮಾಡಿ ಅದರ ಅಂಚಿಗೆ ಗೆರೆ ಎಳೆಸಬೇಕೆಂದು (ಸ್ಟ್ರೋಕ್) ಹೊಸಬರಿಗೆ ಹೇಳುವಾಗ ಮುಜುಗರವಾಗುತ್ತದೆ. ನೇರ ಗೆರೆಗೆ ಒಮ್ಮೆ ಕ್ಲಿಕ್ಕಿಸಿ, ಶಿಫ್ಟ್ ಹಿಡಿದು ಇನ್ನೊಂದೆಡೆ ಕ್ಲಿಕ್ಕಿಸಬೇಕು. ಗೊತ್ತಾದ ಮೇಲೆ ಸುಲಭ, ಆದರೆ ಗೊತ್ತಾಗುವುದಾದರೂ ಹೇಗೆ? ಲೋಗೊ, ನಕ್ಷೆಯಂಥ ಕೆಲಸಕ್ಕೆ ಆಕಾರಗಳನ್ನು ಬರೆಯಲೆಂದೇ ಇರುವ ತಂತ್ರಾಂಶ ಇಂಕ್‌ಸ್ಕೇಪ್ ತೆರೆದುಕೊಳ್ಳಿ.

ಮೂರನೆಯದು ವೇಗ, ತಂತ್ರಾಂಶದ್ದಲ್ಲ, ಬೆಳವಣಿಗೆಯದು. 1995ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಶುರುಮಾಡಿದರು. ಗುಂಡಿ, ಮೆನುಗಳಿಗೆ ಆಗ ಬಳಕೆಯಲ್ಲಿದ್ದ ಮೋಟಿಫ್ ಮುಕ್ತವಾಗಿರಲಿಲ್ಲವೆಂದು ಅದೇ ಕೆಲಸದ ತಮ್ಮದೇ ಸಲಕರಣೆ ಜಿಟಿಕೆ ಕಟ್ಟಿಕೊಂಡರು. ಮುಂದೆ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ನಿಂತದ್ದು ಅದೇ ಜಿಟಿಕೆಯ ಮೇಲೆ. ಜಿಟಿಕೆಯ ಮೂರನೇ ಆವೃತ್ತಿ 2011ರಲ್ಲೇ ಬಂತು, ಜಿಂಪ್ ಅದಕ್ಕೆ ಬದಲಾದದ್ದು 2025ರಲ್ಲಿ. ಅಷ್ಟರಲ್ಲಿ ನಾಲ್ಕನೆಯದೂ ಬಂದು ವರ್ಷಗಳಾಗಿದ್ದವು! ಕೋಡ್ ಬರೆಯುವವರು ಬೆರಳೆಣಿಕೆಯಷ್ಟು ಮಂದಿ, ಬಹುತೇಕ ಸ್ವಯಂಸೇವಕರು. ಹಾಗಾಗಿ ಸಿಟ್ಟು ಮಾಡಿಕೊಳ್ಳಲು ಮನಸ್ಸಾಗುವುದಿಲ್ಲ, ಆದರೆ ಮುಂದಿನ ವರ್ಷ ಬಂದೀತೆಂಬ ಸೌಲಭ್ಯವನ್ನು ನಂಬಿ ಈ ವರ್ಷದ ಕೆಲಸ ಒಪ್ಪಿಕೊಳ್ಳಬೇಡಿ.

2.10ರಿಂದ 3.0ಗೆ ಹೋಗುವವರು ತಾವು ಹಾಕಿಕೊಂಡ ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯದ ತುಣುಕುಗಳ) ಪಟ್ಟಿ ಮಾಡಿಕೊಂಡೇ ಹೊರಡಿ. ಹಳೆಯ ಪ್ಲಗಿನ್ ಹೊಸದರಲ್ಲಿ ನಡೆಯುವುದಿಲ್ಲ, ಬರೆದವರೇ ಅದನ್ನು ಪರಿಷ್ಕರಿಸಿರಬೇಕು. ನೂರಾರು ಫಿಲ್ಟರ್‌ಗಳ ಪ್ಲಗಿನ್ ಜಿಮಿಕ್ ಹೊಸದಕ್ಕೂ ಸಿಗುತ್ತದೆ, ಎಂದೋ ಯಾರೋ ಬರೆದಿಟ್ಟ ಪೈಥಾನ್ ಸ್ಕ್ರಿಪ್ಟ್‌ಗಳದ್ದು ಅವರವರ ಅದೃಷ್ಟ. ಎರಡೂ ಆವೃತ್ತಿಗಳ ಸೆಟ್ಟಿಂಗ್ಸ್ ಬೇರೆ ಬೇರೆ ಫೋಲ್ಡರಿನಲ್ಲಿರುವುದರಿಂದ ಸ್ವಲ್ಪ ಕಾಲ ಎರಡನ್ನೂ ಇಟ್ಟುಕೊಳ್ಳಬಹುದು. ಫಿಲ್ಟರ್ ಅಂಟಿಸಿ 3.0ರಲ್ಲಿ ಉಳಿಸಿದ ಎಕ್ಸ್‌ಸಿಎಫ್ ಮಾತ್ರ ಹಳೆಯದರಲ್ಲಿ ತೆರೆಯುತ್ತದೆಂದು ನೆಚ್ಚಿಕೊಳ್ಳಬೇಡಿ, ದಾಟುವ ಮುನ್ನ ಹಳೆ ಕಡತಗಳ ಒಂದು ಪ್ರತಿ ಬೇರೆಡೆ ತೆಗೆದಿಡಿ.