ನಾಯಿ ಹಿಡಿದ ಬೆಕ್ಕು: ತೂತು ಸಣ್ಣದೆಂದು ಸುಮ್ಮನಿರಬೇಡಿ

ಕೊಡಗಿನ ಸಿದ್ದಾಪುರ ಕಡೆಯ ತೋಟದ ಲೈನ್ ಮನೆಯಲ್ಲಿ ನಾಯಿ ಹಿಡಿದು ಕೊಡವಿದ ಬೆಕ್ಕೊಂದರ ಬೆನ್ನಲ್ಲಿ ಕಂಡದ್ದು ಎರಡೇ ತೂತು, ಒಳ್ಳೆಮೆಣಸಿನ ಕಾಳಿನಷ್ಟು. ರಕ್ತವೂ ಅಷ್ಟಾಗಿ ಬಂದಿರಲಿಲ್ಲ. ಮನೆಯವರು ಅರಿಶಿನ ಮೆತ್ತಿ, ನೋವಿಗೆಂದು ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹಾಲಲ್ಲಿ ಕಲಸಿ ಕುಡಿಸಿದರು. ಮರುದಿನ ಒಸಡು ಕಂದುಬಣ್ಣಕ್ಕೆ ತಿರುಗಿತು, ಮುಖ ಊದಿತು, ಸಂಜೆಗೆ ಸತ್ತಿತು. ಗಾಯದಿಂದ ಉಳಿಯುತ್ತಿತ್ತೋ ಏನೋ, ಮಾತ್ರೆ ಆ ದಾರಿಯನ್ನೂ ಮುಚ್ಚಿತು. ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾರದಂತಾಗುತ್ತದೆ.

ಬೆಕ್ಕಿನ ಚರ್ಮ ಸಡಿಲ. ನಾಯಿ ಕೊಡವಿದಾಗ ಚರ್ಮ ಹಲ್ಲಿನ ಜೊತೆಗೇ ಸರಿಯುತ್ತದೆ, ಅಡಿಯ ಮಾಂಸ ಹರಿಯುತ್ತದೆ. ಪಕ್ಕೆಲುಬು ಮುರಿದಿರಬಹುದು, ಹೊಟ್ಟೆಯ ಗೋಡೆ ಸೀಳಿ ಕರುಳು ಚರ್ಮದಡಿಗೆ ಬಂದಿರಬಹುದು. ಹಾಗಾಗಿ ತೂತು ಅಳೆಯುತ್ತಾ ಕೂರಬೇಡಿ.

ಮುಟ್ಟುವ ಮೊದಲೇ ಉಸಿರು ಎಣಿಸಿ. ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 20–30 ಸಹಜ. 40 ದಾಟಿದರೆ, ಬಾಯಿ ತೆರೆದು ಉಸಿರಾಡಿದರೆ ತಕ್ಷಣ ಹೊರಡಿ. ಆಮೇಲೆ ತುಟಿ ಎತ್ತಿ ಒಸಡನ್ನು ಬೆರಳಲ್ಲಿ ಒತ್ತಿ ಬಿಡಿ. 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬಿಳಚಿ ಪಾದ ತಣ್ಣಗಾಗಿದ್ದರೆ ಅದು ಶಾಕ್, ಅಂದರೆ ಮೈಗೆ ರಕ್ತಸಂಚಾರ ಸಾಲದ ಸ್ಥಿತಿ. ಜ್ವರವಿಲ್ಲವಲ್ಲ ಎಂದು ಸಮಾಧಾನಪಡುವವರೇ ಹೆಚ್ಚು. ಪೆಟ್ಟು ತಿಂದ ಬೆಕ್ಕು ತಣ್ಣಗಾಗುವುದು ಜ್ವರಕ್ಕಿಂತ ಕೆಟ್ಟದ್ದು. ಹಿಂಗಾಲು ಎಳೆಯುತ್ತಿದೆಯೇ, ಮೂತ್ರ ಹೋಗುತ್ತಿದೆಯೇ, ಅದನ್ನೂ ನೋಡಿ.

ಬೆಕ್ಕು ಬೆಕ್ಕನ್ನೇ ಕಚ್ಚಿದ್ದರೆ ಕಾಟ ನಿಧಾನಕ್ಕೆ ಶುರು. ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ 2–4 ದಿನದಲ್ಲಿ ಕೀವು ಕಟ್ಟುತ್ತದೆ. ಕೆನ್ನೆ, ಮುಂಗಾಲು, ಬಾಲದ ಬುಡ ತಡವಿ ನೋಡಿ. ಬಿಸಿಯಾಗಿ ಊದಿದ್ದರೆ ಹಿಚುಕಬೇಡಿ, ಡಾಕ್ಟರೇ ಕೊಯ್ದು ತೊಳೆಯಲಿ.

ನಮ್ಮ ಮಳೆಗಾಲದಲ್ಲಿ ಒದ್ದೆ ಕೂದಲಡಿಯ ಗಾಯಕ್ಕೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ದನಕ್ಕೆ ಸುರಿದ ಹಾಗೆ ಫಿನಾಯಿಲ್, ಟರ್ಪೆಂಟೈನ್ ಸುರಿಯಬೇಡಿ. ಬೆಕ್ಕು ನೆಕ್ಕಿ ಸಾಯುತ್ತದೆ. ಡೆಟಾಲ್ ಕೂಡ ಬೇಡ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸ ಟೀ ಚಮಚ ಉಪ್ಪು ಸಾಕು. ಎದೆ, ಹೊಟ್ಟೆಯ ತೂತಿಗೆ ಅದನ್ನೂ ಹೊಯ್ಯದೆ ಶುದ್ಧ ಬಟ್ಟೆ ಮುಚ್ಚಿ, ಟವೆಲ್ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿ. ಮಡಿಕೇರಿಗೋ ಕುಶಾಲನಗರಕ್ಕೋ ಹೊರಡುವ ಮುಂಚೆ ಎಕ್ಸ್‌ರೇ ಇದೆಯೇ ಎಂದು ಫೋನ್ ಮಾಡಿ ಕೇಳಿ. ಬೆಕ್ಕಿಗೆ ರೇಬಿಸ್ ಚುಚ್ಚುಮದ್ದು ಯಾವಾಗ ಕೊಡಿಸಿದ್ದು ಎಂಬ ಚೀಟಿ ಜೊತೆಗಿರಲಿ. ಹಿಡಿಯುವಾಗ ನಿಮ್ಮನ್ನೇ ಕಚ್ಚಿ ಪರಚಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ನೀವೂ ಆಸ್ಪತ್ರೆಗೆ ಹೋಗಿ.